ಅಪ್ಪನ ಮಾತ್ರೆ ಮೊದಲು, ಇಮ್ಯಾಜಿಕಾ ಆಮೇಲೆ

ಕೋಥ್ರುಡ್, ಪುಣೆ
ಭಾನುವಾರ ರಾತ್ರಿ

ಅವ್ವನಿಗೆ ನಮಸ್ಕಾರ.

ನಾವೆಲ್ಲ ಆರಾಮ. ಗುಂಡನ ಕೆಮ್ಮು ಕಡಿಮೆಯಾಗಿದೆ. ನಿನ್ನ ಪತ್ರ ಗುರುವಾರವೇ ಬಂತು, ಖೋಪೋಲಿ ಹತ್ತಿರದ ಆ ಆಟದ ಪಾರ್ಕು ಇಮ್ಯಾಜಿಕಾದ ಟಿಕೆಟ್ ಗಡಿಬಿಡಿಯಲ್ಲಿ ಉತ್ತರ ಬರೆಯಲು ಆಗಲಿಲ್ಲ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ನೀನು ಬರೀ ಹೂಂ ಹೂಂ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಟಿಕೆಟ್ ಆಯಿತು. ಒಟ್ಟು 21 ಜನ. ನಮ್ಮ ಬಿಲ್ಡಿಂಗಿನ ಮೂರು ಕನ್ನಡದ ಮನೆಗಳು, ಡೊಂಬಿವಲಿಯ ಶಾಂತಕ್ಕನ ಮನೆಯವರು, ಅಣ್ಣ ಅತ್ತಿಗೆ ಮಕ್ಕಳು, ಮತ್ತೆ ನೀವಿಬ್ಬರು. ದಿನ ಗೊತ್ತು ಮಾಡಲಿಕ್ಕೇ ಎರಡು ವಾರ ಹೋಯಿತು. ಧಾರವಾಡದ ಮಕ್ಕಳಿಗೆ ದಸರೆಗೆ ದೊಡ್ಡ ರಜೆ, ಇಲ್ಲಿಯವರಿಗೆ ದೀಪಾವಳಿಗೆ. ಮಳೆಗಾಲದಲ್ಲಿ ಖೋಪೋಲಿ ಕಡೆ ಹೋಗುವ ಮಾತೇ ಇಲ್ಲ, ಘಟ್ಟದ ಬುಡ ಅದು, ಜೋರು ಮಳೆ ಬಂದರೆ ಹೊರಗಿನ ರೈಡ್ ನಿಲ್ಲಿಸಿಬಿಡುತ್ತಾರೆ. ಶನಿವಾರ ಭಾನುವಾರ ಜನಜಾತ್ರೆ, ರೇಟೂ ಜಾಸ್ತಿ. ಕೊನೆಗೆ ದೀಪಾವಳಿಯ ಕೊನೆಯ ದಿನ ಭಾವುಬೀಜ್ ಆದ ಮೇಲಿನ ಮಂಗಳವಾರ ಅಂತ ಮಾಡಿದೆವು. ಅಣ್ಣನ ಮಕ್ಕಳಿಗೆ ಎರಡು ದಿನ ಶಾಲೆ ತಪ್ಪುತ್ತದೆ, ತಪ್ಪಲಿ.

ಇಲ್ಲಿ ಮಕ್ಕಳ ಟಿಕೆಟ್ ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ. ಗೇಟಿನಲ್ಲೇ ಅಳೆಯುತ್ತಾರೆ. ಅತ್ತಿಗೆಗೆ ಹೇಳು, ಪುಟ್ಟಿಯನ್ನು ಚಪ್ಪಲಿ ತೆಗೆಸಿ ಬಾಗಿಲಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಹಾಕಿ ಮತ್ತೊಮ್ಮೆ ಅಳೆಯಲಿ. ಹೋದ ಸಲ ಹೇಳಿದ ಅಳತೆಯ ಮೇಲೆ ನಾನು ಮಕ್ಕಳ ಟಿಕೆಟ್ ತೆಗೆದಿದ್ದೇನೆ, ಎರಡು ಇಂಚು ಬೆಳೆದಿದ್ದರೆ ಗೇಟಿನಲ್ಲಿ ಬಾಕಿ ಕಟ್ಟಬೇಕಾದೀತು.

ದುಡ್ಡಿನ ವಿಷಯ ಅಣ್ಣ ಕೇಳಿದ್ದ. ಎಲ್ಲರೂ ನನ್ನ ಖಾತೆಗೆ ಹಾಕಿದ್ದರು. ಒಂದು ಸಲ ಖಾತೆಯಿಂದ ಹಣ ಹೋಯಿತು, ಟಿಕೆಟ್ ಬರಲಿಲ್ಲ. ಊರವರ ದುಡ್ಡು, ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮೂರನೇ ದಿನ ತಾನೇ ವಾಪಸ್ ಬಂತು. ಈಗ ಟಿಕೆಟ್ ಕೈಯಲ್ಲಿದೆ, ಅಣ್ಣನಿಗೆ ನಿಶ್ಚಿಂತೆ ಇರಲಿ ಅನ್ನು. ಯಾರೋ ಅವನಿಗೆ ಕಳಿಸಿದ ಆ ಅರ್ಧ ಬೆಲೆಯ ಟಿಕೆಟ್ ಲಿಂಕ್ ಮಾತ್ರ ಒತ್ತಬೇಡ ಅಂತ ಹೇಳು.

ಇನ್ನು ಅಪ್ಪನ ವಿಷಯ.

ನೀನು ಪತ್ರದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀಯ. ಹೊಟ್ಟೆ ಉರಿಯುತ್ತದೆ ಅಂತ ಅಪ್ಪ ಒಂದು ಮಾತ್ರೆ ಬಿಟ್ಟಿದ್ದಾರೆ ಅಂತ. ಅವ್ವಾ, ಯಾವ ಮಾತ್ರೆ? ರಕ್ತ ತೆಳುವಾಗುವ ಎರಡರಲ್ಲಿ ಒಂದಾ? ಹೃದಯದ ರಕ್ತನಾಳ ತೆರೆದಿಡುವ ಆ ಸಣ್ಣ ನಳಿಕೆ, ಸ್ಟೆಂಟ್, ಹಾಕಿ ಇನ್ನೂ ಐದು ತಿಂಗಳೂ ಆಗಿಲ್ಲ. ಆ ಮಾತ್ರೆಗಳನ್ನು ಡಾಕ್ಟರ್ ಹೇಳದೆ ನಾವಾಗಿ ಬಿಡುವ ಹಾಗೇ ಇಲ್ಲ, ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಹೊಟ್ಟೆ ಉರಿಗೆ ಬೇರೆ ಔಷಧಿ ಕೊಡುತ್ತಾರೆ, ಕೇಳಬೇಕು ಅಷ್ಟೇ. ನಾಳೆ ಬೆಳಗ್ಗೆಯೇ ಅಣ್ಣನನ್ನು ಕರೆದುಕೊಂಡು ಹೋಗಿ. ಮಾತ್ರೆಯ ಖಾಲಿ ಹಾಳೆ ಸಮೇತ ಒಯ್ಯಿರಿ, ಯಾವುದು ಎಷ್ಟು ದಿನದಿಂದ ತಪ್ಪಿದೆ ಅಂತ ಅವರಿಗೆ ತಿಳಿಯಲಿ. ಸುಮ್ನೆ ಮುಂದಿನ ವಾರ ನೋಡೋಣ ಅನ್ನಬೇಡ.

ಇನ್ನೊಂದು. ಗುಂಡ ನಿನ್ನೆ ಬಾಯಿ ಬಿಟ್ಟ. ಅಜ್ಜ ಅವನ ಜೊತೆ ನೈಟ್ರೋದಲ್ಲಿ ಮೊದಲ ಸಾಲಿಗೆ ಕೂರುವುದಾಗಿ ಮಾತು ಕೊಟ್ಟಿದ್ದಾರಂತೆ! ಅದು ಕಾಲಿಗೆ ನೆಲವೇ ಇಲ್ಲದ ರೋಲರ್ ಕೋಸ್ಟರ್, 5 ಸಲ ತಲೆಕೆಳಗಾಗುತ್ತದೆ. ಹೃದಯದ ತೊಂದರೆ, ಬಿಪಿ ಇದ್ದವರು ಹತ್ತಬಾರದು ಅಂತ ಬೋರ್ಡ್ ಹಾಕಿರುತ್ತಾರೆ. ಬೋರ್ಡ್ ಇರುತ್ತದೆ, ಆದರೆ ಎದೆಯೊಳಗೆ ಸ್ಟೆಂಟ್ ಇರುವುದು ಅಲ್ಲಿ ನಿಂತ ಹುಡುಗನಿಗೆ ಕಾಣುವುದಿಲ್ಲ, ಅಲ್ವಾ? ಅಪ್ಪ ಹೇಳಬೇಕು, ಅಪ್ಪ ಹೇಳುವುದಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ತನಗೇನೂ ಆಗಿಲ್ಲ ಅಂತ ತೋರಿಸಬೇಕು ಅವರಿಗೆ. ನನಗೆ ಅದು ಅರ್ಥವಾಗುತ್ತದೆ. ಮೊಮ್ಮಗನ ಮುಂದೆ ಕಾಯಿಲೆಯವನಾಗಿ ಕೂರಲು ಮನಸ್ಸಿಲ್ಲ. ಆದರೂ ಬೇಡ ಅವ್ವಾ. ನಾನೇ ಗುಂಡನಿಗೆ ಹೇಳಿದ್ದೇನೆ, ಅಜ್ಜ ಕೆಳಗೆ ನಿಂತು ನಿನ್ನ ಫೋಟೋ ತೆಗೆಯುತ್ತಾರೆ ಅಂತ. ಸ್ವಲ್ಪ ಮುಖ ಸಣ್ಣದು ಮಾಡಿದ, ಆಮೇಲೆ ಒಪ್ಪಿದ.

ಬೇಡ ಅಂದದ್ದು ರೈಡ್ ಮಾತ್ರ, ಬರುವುದು ಅಲ್ಲ. ಡಾಕ್ಟರ್ ಪ್ರಯಾಣಕ್ಕೆ ಹೂಂ ಅಂದರೆ ಖಂಡಿತ ಬನ್ನಿ. ವಂದೇ ಭಾರತ್ ಧಾರವಾಡದಲ್ಲೇ ನಿಲ್ಲುತ್ತದೆ, ವಾರಕ್ಕೆ 3 ದಿನ ಇದೆ, ಬೆಳಗ್ಗೆ ಹತ್ತಿದರೆ ಮಧ್ಯಾಹ್ನ ಪುಣೆ. ಇಲ್ಲಿಂದ ಎಕ್ಸ್‌ಪ್ರೆಸ್‌ವೇ, ಬಸ್ಸು ನಮ್ಮದೇ. ಶಾಂತಕ್ಕನವರು ಆ ಕಡೆಯಿಂದ ಖೋಪೋಲಿ ಲೋಕಲ್ ಹಿಡಿದು ಬರುತ್ತಾರೆ, ಮುಂಬೈ ಲೋಕಲ್ ಘಟ್ಟದ ಬುಡದವರೆಗೆ ಬರುತ್ತದೆ ಅಂದರೆ ಅಪ್ಪ ನಂಬುವುದೇ ಇಲ್ಲ, ತೋರಿಸುತ್ತೇನೆ. ಪಾರ್ಕಿನ ಒಳಗೆ ಮಕ್ಕಳ ಗಿರಗಿಟ್ಲೆ ಇದೆ, ನೆರಳಿದೆ, ಕೂರಲು ಜಾಗ ಇದೆ. ಹೊರಗಿನ ತಿಂಡಿ ಬಿಡುವುದಿಲ್ಲ, ಹಾಗಾಗಿ ನಿನ್ನ ರೊಟ್ಟಿ ಶೇಂಗಾ ಚಟ್ನಿ ಬಸ್ಸಿನಲ್ಲೇ ಮುಗಿಯಬೇಕು. ಅಪ್ಪನ ಮಾತ್ರೆ ಡಬ್ಬಿ ನನ್ನ ಪರ್ಸಿನಲ್ಲಿ ಇರುತ್ತದೆ.

ಡಾಕ್ಟರ್ ಬೇಡ ಅಂದರೆ ಆ ಎರಡು ಟಿಕೆಟ್ ಹೋಗಲಿ. ವಾಪಸ್ ಕೊಡುವುದಿಲ್ಲ, ನಾನು ಕೇಳಿಯೂ ಇಲ್ಲ, ಅದರ ಚಿಂತೆ ಯಾರೂ ಮಾಡಬೇಡಿ. ನಾನೇ ಗುಂಡನನ್ನು ಕರೆದುಕೊಂಡು ಧಾರವಾಡಕ್ಕೆ ಬರುತ್ತೇನೆ.

ನೀನು ಹೆದರಬೇಡ. ಏನೂ ಆಗುವುದಿಲ್ಲ. ನಾನೂ ಹೆದರಿಲ್ಲ, ನಿಜವಾಗಿ ಹೆದರಿಲ್ಲ, ಅಪ್ಪ ಗಟ್ಟಿ ಮನುಷ್ಯ. ನಾಳೆ ಆಸ್ಪತ್ರೆಯಿಂದ ಹೊರಗೆ ಬಂದ ಕೂಡಲೇ ಅಣ್ಣ ನನಗೆ ಫೋನ್ ಮಾಡಲಿ, ನಾನು ಆಫೀಸಿನಲ್ಲಿದ್ದರೂ ಎತ್ತುತ್ತೇನೆ. ಈ ಪತ್ರ ತಲುಪುವಷ್ಟರಲ್ಲಿ ತಡವಾದೀತು ಅಂತ ಈಗಲೇ ಇದರ ಫೋಟೋ ಅವನಿಗೆ ಕಳಿಸುತ್ತಿದ್ದೇನೆ, ಅವನೇ ನಿನಗೆ ಓದಿ ಹೇಳಲಿ, ಅಪ್ಪ ಸ್ನಾನಕ್ಕೆ ಹೋದಾಗ.

ಕುಕ್ಕರ್ ಕೂಗುತ್ತಿದೆ. ಇಷ್ಟೇ ಸಾಕು. ಪುಟ್ಟಿಯ ಎತ್ತರ ಮರೆಯಬೇಡ.

ನಿನ್ನ,
ಸುಮಿ