ಏಣಿಯ ಕೊಕ್ಕೆ ರೇಲಿಂಗಿಗೆ ಬೀಳುವ ಮೊದಲು

ಪ್ರೀತಿಯ ಪುಟ್ಟಿ,

ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇಯಲ್ಲಿ ಕಲ್ಲಿದ್ದಲು ತುಂಬಿಕೊಂಡು ನವ ಮಂಗಳೂರಿಗೆ ಬರುತ್ತೀರಿ ಅಂತ ಬರೆದಿದ್ದೀಯ. ಜೊತೆಗೆ ಎರಡು ಪ್ರಶ್ನೆ: ಸೊಮಾಲಿಯಾದ ಕಡಲ್ಗಳ್ಳರು ಹೊಟ್ಟೆಗಿಲ್ಲದೆ ಈ ಕೆಲಸಕ್ಕೆ ಇಳಿದವರಾ? ಇಷ್ಟು ದೇಶಗಳ ಯುದ್ಧನೌಕೆಗಳಿದ್ದೂ ನಾವು ಯಾಕೆ ಹೆದರಬೇಕು? ಫೋನಿನಲ್ಲಾದರೆ ಅರ್ಧಕ್ಕೇ ಲೈನ್ ಕಟ್ಟಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟೆಯ ಮಾತು ಅರ್ಧ ನಿಜ. 1991ರಲ್ಲಿ ಸಿಯಾದ್ ಬರ್ರೆಯ ಸರ್ಕಾರ ಉರುಳಿದ ಮೇಲೆ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಆ ಕರಾವಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಹೊರದೇಶದ ಟ್ರಾಲರುಗಳು ನುಗ್ಗಿ ಮೀನು ಬಾಚಿದವು, ಅಲ್ಲಿಯವರ ಬಲೆ ಹರಿದವು. ಸಿಟ್ಟಿಗೆದ್ದವರು ಬಂದೂಕು ಹಿಡಿದು 'ದಂಡ' ವಸೂಲಿಗೆ ಹೊರಟರು. ಆದರೆ 2008ರ ನವೆಂಬರಿನಲ್ಲಿ ಸಿರಿಯಸ್ ಸ್ಟಾರ್ ಎಂಬ ಸೂಪರ್‌ಟ್ಯಾಂಕರ್ ಅವರ ಕೈಗೆ ಸಿಕ್ಕಿದ್ದು ಮೊಂಬಾಸಾದಿಂದ ಸುಮಾರು 450 ನಾಟಿಕಲ್ ಮೈಲಿ ಆಚೆ. 330 ಮೀಟರ್ ಉದ್ದದ ಹಡಗು, ಒಡಲಲ್ಲಿ ಇಪ್ಪತ್ತು ಲಕ್ಷ ಬ್ಯಾರೆಲ್ ಕಚ್ಚಾ ತೈಲ. ಅದಕ್ಕೂ ಹರಿದ ಬಲೆಗೂ ಏನು ಸಂಬಂಧ ಹೇಳು. ಅಷ್ಟು ಹೊತ್ತಿಗೆ ಅದು ಬಂಡವಾಳದ ದಂಧೆಯಾಗಿತ್ತು.

2013ರಲ್ಲಿ ವಿಶ್ವಬ್ಯಾಂಕ್ ಇದರ ಲೆಕ್ಕ ತೆಗೆಯಿತು. 2005ರಿಂದ 2012ರವರೆಗೆ ಕೈಬದಲಾದ ಒತ್ತೆಹಣ 33.9ರಿಂದ 41.3 ಕೋಟಿ ಡಾಲರ್. ಅದರಲ್ಲಿ ಶೇ. 30ರಿಂದ 50 ಹಣ ಹೂಡಿದವರ ಪಾಲು. ದೋಣಿಯಲ್ಲಿ ಬಂದು ಜೀವ ಪಣಕ್ಕಿಟ್ಟ ಹುಡುಗನಿಗೆ ಒಂದು ಹಡಗಿಗೆ 30ರಿಂದ 75 ಸಾವಿರ ಡಾಲರ್. ಸ್ವಂತ ಬಂದೂಕನ್ನೋ ಏಣಿಯನ್ನೋ ತಂದರೆ ಹತ್ತು ಸಾವಿರದವರೆಗೂ ಬೋನಸ್. ಹಡಗು ಲಂಗರು ಹಾಕಿ ನಿಂತಷ್ಟು ದಿನ ಅವನು ಮತ್ತಿಗೆಂದು ಜಗಿದ ಖಾತ್ ಸೊಪ್ಪೆಲ್ಲ ದುಬಾರಿ ದರದ ಸಾಲ, ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ. ಹುಡುಗನಿಗೆ ಬಡತನವಿರುತ್ತದೆ, ಒಪ್ಪುತ್ತೇನೆ. ಆದರೆ ಎಂಜಿನ್ನಿಗೆ, ಡೀಸೆಲ್ಲಿಗೆ ದುಡ್ಡು ಹಾಕುವವನದು ಬಡತನವಲ್ಲ.

ಏಣಿಗೂ ಬೋನಸ್ ಇದೆ ಅಂದೆನಲ್ಲ, ನೀನು ಗಮನದಲ್ಲಿ ಇಡಬೇಕಾದದ್ದು ಅದೇ. ಹಗುರವಾದ ಉದ್ದನೆಯ ಏಣಿ, ತುದಿಗೆ ಕೊಕ್ಕೆ. ಅದು ನಿಮ್ಮ ರೇಲಿಂಗಿಗೆ ಸಿಕ್ಕಿಕೊಳ್ಳುವ ತನಕ ಆಟ ನಿಮ್ಮದು. ಅವರು ಡೆಕ್ಕಿಗೆ ಹತ್ತಿ ಒಬ್ಬನ ತಲೆಗೆ ಬಂದೂಕು ಹಿಡಿದರೆ ಯಾವ ಯುದ್ಧನೌಕೆಯೂ ದೂರದಲ್ಲೇ ನಿಲ್ಲಬೇಕಾಗುತ್ತದೆ. 2008ರಲ್ಲಿ ನಮ್ಮ ನೌಕಾಪಡೆಯ ಐಎನ್‌ಎಸ್ ತಬರ್ ಮುಳುಗಿಸಿದ 'ಕಳ್ಳರ ತಾಯಿಹಡಗು' (ಅವರ ಸಣ್ಣ ದೋಣಿಗಳನ್ನು ದೂರದ ಕಡಲಿಗೆ ಒಯ್ಯುವ ಹಡಗು) ಆಮೇಲೆ ನೋಡಿದರೆ ಅವರು ಹಿಡಿದಿಟ್ಟುಕೊಂಡಿದ್ದ ಥಾಯ್ ಮೀನುಗಾರಿಕಾ ಹಡಗು. ಒತ್ತೆಯಾಳುಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಈಗ ನಿಮಿಷದ ಲೆಕ್ಕ ಹಾಕು. ತುಂಬಿದ ಬಲ್ಕ್ ಕ್ಯಾರಿಯರ್, ಅಂದರೆ ನಿಮ್ಮಂಥ ಸರಕುಹಡಗು, 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ಓಡುತ್ತದೆ, ಎರಡು ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಸ್ಕಿಫ್, ಅಂದರೆ ಕಳ್ಳರ ಸಣ್ಣ ದೋಣಿ, 25 ನಾಟ್. ಹಿಂದಿನಿಂದ ಬರುವ ಸ್ಕಿಫ್ ಎರಡು ಮೈಲಿ ದೂರದಲ್ಲೇ ಕಂಡರೆ ಕೈಯಲ್ಲಿ ಒಂಬತ್ತು ನಿಮಿಷ. ಅರ್ಧ ಮೈಲಿಯಲ್ಲಿ ಕಂಡರೆ ಎರಡು ನಿಮಿಷ ಚಿಲ್ಲರೆ. ಹಡಗು 18 ನಾಟ್ ಓಡಿದರೆ ಅದೇ ಎರಡು ಮೈಲಿಗೆ ಹದಿನೇಳು ನಿಮಿಷ ಸಿಗುತ್ತದೆ. ಹಡಗುಕಂಪನಿಗಳ ಕೈಪಿಡಿ 18 ನಾಟಿಗೂ, ನೀರಿನಿಂದ ಡೆಕ್ಕಿಗೆ ಎಂಟು ಮೀಟರಿಗೂ ಹೆಚ್ಚಿನ ಎತ್ತರಕ್ಕೂ ಒತ್ತು ಕೊಡುವುದು ಇದಕ್ಕೇ. ಕಲ್ಲಿದ್ದಲು ತುಂಬಿ ಕೆಳಗಿಳಿದ ನಿಮ್ಮ ಹಡಗಿಗೆ ಎರಡೂ ಇಲ್ಲ. ಹಾಗಾಗಿ ನಿನ್ನ ಕಣ್ಣೇ ಗತಿ. ಸಣ್ಣ ಸ್ಕಿಫ್ ರೇಡಾರಿನಲ್ಲಿ ಸರಿಯಾಗಿ ಮೂಡುವುದಿಲ್ಲ, ಅದರಲ್ಲೂ ಅಲೆ ಎದ್ದಾಗ. ಬೆಳಕು ಹರಿಯುವ ಹೊತ್ತಿಗೆ ಹಿಂಬದಿಯ ಎರಡೂ ಮೂಲೆಗೆ ಬೈನಾಕ್ಯುಲರ್ ಇಡು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಮಲ್ಪೆಯ ಬೋಟುಗಳ ಹಾಗೆ ಅವರಿಗೂ ಹೆಚ್ಚುಕಡಿಮೆ ರಜೆ. ಕಡಲು ಶಾಂತವಾದರೆ ಹೊರಡುತ್ತಾರೆ.

ಸ್ಕಿಫ್ ಕಂಡದ್ದೆಲ್ಲ ಕಳ್ಳರದಲ್ಲ. ಬಲೆ, ಬೋಯ್ (ಬಲೆಯ ತೇಲುಬುರುಡೆ) ಇದ್ದರೆ ಮೀನುಗಾರ. ಏಣಿ, ಇಂಧನದ ಡ್ರಮ್ಮು ತುಂಬಿಕೊಂಡು ಬಲೆಯೇ ಇಲ್ಲದಿದ್ದರೆ ಅನುಮಾನಪಡು. ಆ ಕಡೆಯ ಮೀನುಗಾರರ ಹತ್ತಿರವೂ ಬಂದೂಕು ಇರುವುದುಂಟು, ಅದೊಂದನ್ನೇ ಗುರುತು ಮಾಡಿಕೊಳ್ಳಬೇಡ. 2012ರ ಫೆಬ್ರವರಿಯಲ್ಲಿ ಎನ್ರಿಕಾ ಲೆಕ್ಸಿ ಹಡಗಿನ ಇಟಲಿಯ ಸೈನಿಕರು ಗುಂಡು ಹಾರಿಸಿ ಕೇರಳದ ಕರಾವಳಿಯಾಚೆ ಇಬ್ಬರು ಮೀನುಗಾರರನ್ನು ಕೊಂದದ್ದು ಕಳ್ಳರೆಂದು ಎಣಿಸಿ.

ರೇಜರ್ ವೈರ್, ಅಂದರೆ ಬ್ಲೇಡಿನಂಥ ಮೊನೆಯ ತಂತಿಸುರುಳಿ, ಕಟ್ಟುವ ಕೆಲಸ ನಿನ್ನಂಥ ತರಬೇತಿಯ ಕೆಡೆಟ್‌ಗಳ ತಲೆಗೇ ಬರುತ್ತದೆ. ಸುರುಳಿಯನ್ನು ರೇಲಿಂಗಿನ ಒಳಗಲ್ಲ, ಹೊರಗೆ ಚಾಚಿಕೊಳ್ಳುವ ಹಾಗೆ ಕಟ್ಟಿಸು, ಎರಡು ಸಾಲಾದರೆ ಒಳ್ಳೆಯದು. ತಪ್ಪುವುದು ಎಲ್ಲಿ ಗೊತ್ತಾ? ತೆಳು ಕಟ್ಟುತಂತಿಯಲ್ಲಿ ಸುಮ್ಮನೆ ಸಿಕ್ಕಿಸಿರುತ್ತಾರೆ. ಕೆಳಗಿನಿಂದ ಕೊಕ್ಕೆ ಹಾಕಿ ಎಳೆದರೆ ಇಡೀ ಸುರುಳಿ ಸಮುದ್ರಕ್ಕೆ. ಬಂದರಿನ ಪೈಲಟ್ ಹತ್ತುವ ಏಣಿಯ ಗೇಟಿನ ಹತ್ತಿರ ಒಂದು ಗೇಣು ಜಾಗ ಬಿಟ್ಟರೂ ಅವರಿಗೆ ಅಷ್ಟೇ ಸಾಕು. ಹಿಂಬದಿಯ ಫೈರ್ ಹೋಸ್‌ಗಳನ್ನು ಹೊರಮುಖವಾಗಿ ಬಿಗಿದು ಕಟ್ಟಿ ನೀರು ಬಿಟ್ಟಿರಬೇಕು. ಕೈಯಲ್ಲಿ ಹಿಡಿದು ನಿಂತವನು ಗುಂಡಿಗೆ ಗುರಿಯಾಗುತ್ತಾನೆ. ಸ್ಕಿಫ್ ಹತ್ತಿರ ಬಂದರೆ ಚುಕ್ಕಾಣಿಯನ್ನು ಸಣ್ಣಸಣ್ಣಗೆ ಅತ್ತಿತ್ತ ತಿರುಗಿಸುತ್ತಾರೆ. ಅಲೆಯೆದ್ದು ಏಣಿ ನಿಲ್ಲುವುದಿಲ್ಲ. ಗಾಬರಿಯಲ್ಲಿ ಪೂರ್ತಿ ತಿರುಗಿಸಿದರೆ ವೇಗವೇ ಬಿದ್ದುಹೋಗಿ ಅವರಿಗೇ ಅನುಕೂಲ.

ಇನ್ನು ಕಾನೂನು. ಹಿಡಿದ ಕಳ್ಳರನ್ನು ಯಾವ ದೇಶದ ಕೋರ್ಟಿಗೆ ಒಯ್ಯುವುದು ಎಂದು ತಿಳಿಯದೆ ಎಷ್ಟೋ ಸಲ ದಡಕ್ಕೆ ಬಿಟ್ಟುಬಂದರು. ನಮ್ಮ ನೌಕಾಪಡೆ 2011ರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಮುಂಬೈಗೆ ತಂದಿತು. ಅದರ ಬೆಲೆ ತೆತ್ತವರು ಆಸ್ಫಾಲ್ಟ್ ವೆಂಚರ್ ಹಡಗಿನವರು: ಒತ್ತೆಹಣ ಮುಟ್ಟಿದ ಮೇಲೂ ಏಳು ಭಾರತೀಯರನ್ನು ಕಳ್ಳರು ಬಿಡಲಿಲ್ಲ, 'ನಮ್ಮವರನ್ನು ಬಿಡಿ' ಅಂದರು. ಆ ಏಳು ಮಂದಿ ಮನೆಗೆ ಬಂದದ್ದು 2014ರಲ್ಲಿ. ಕಡಲ್ಗಳ್ಳತನಕ್ಕೆಂದೇ ಕಾನೂನು ನಮ್ಮ ಸಂಸತ್ತಿನಲ್ಲಿ ಪಾಸಾದದ್ದು 2022ರಲ್ಲಿ.

ನಡುವೆ ಕೆಲವು ವರ್ಷ ಹಾವಳಿ ಅಡಗಿತ್ತು. ಯುದ್ಧನೌಕೆಗಳು ಒಂದು ಕಾರಣ, ಹಡಗಿನ ಮೇಲೆ ಬಂದೂಕುಧಾರಿ ಗಾರ್ಡುಗಳು ಬಂದದ್ದು ಅದಕ್ಕಿಂತ ದೊಡ್ಡ ಕಾರಣ ಅಂತ ನನ್ನ ಎಣಿಕೆ. ಆಮೇಲೆ ಕಂಪನಿಗಳು ಗಾರ್ಡುಗಳ ಖರ್ಚು ಕಡಿಮೆ ಮಾಡಿದವು, 2023ರ ಕೊನೆಗೆ ಯೆಮನ್ನಿನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿ ನೌಕಾಪಡೆಗಳ ಕಣ್ಣು ಕೆಂಪು ಸಮುದ್ರದ ಕಡೆ ಹೊರಳಿತು. ಆ ಡಿಸೆಂಬರಿನಲ್ಲೇ ರುಯೆನ್ ಎಂಬ ಹಡಗು ಕಳ್ಳರ ಕೈಗೆ ಹೋಯಿತು. 2024ರ ಮಾರ್ಚಿನಲ್ಲಿ ಐಎನ್‌ಎಸ್ ಕೋಲ್ಕತ್ತಾ ಅದನ್ನು ತಡೆದು ನಿಲ್ಲಿಸಿ, ಸಿ-17 ವಿಮಾನದಿಂದ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಕಡಲಿಗೆ ಧುಮುಕಿ, 35 ಕಳ್ಳರು ಶರಣಾಗಿ 17 ನಾವಿಕರು ಬಿಡುಗಡೆಯಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ಅದರ ಪಕ್ಕದಲ್ಲಿ ಲೀಲಾ ನಾರ್ಫೋಕ್ ಹಡಗಿನ ಕಥೆ ಇಟ್ಟು ನೋಡು. 2024ರ ಜನವರಿಯಲ್ಲಿ ಕಳ್ಳರು ಹತ್ತಿದಾಗ 21 ಮಂದಿಯೂ, ಅವರಲ್ಲಿ 15 ಜನ ನಮ್ಮವರು, ಸಿಟಡೆಲ್, ಅಂದರೆ ಹಡಗಿನೊಳಗಿನ ಭದ್ರಕೋಣೆ, ಸೇರಿ ಬಾಗಿಲು ಹಾಕಿಕೊಂಡರು. ಐಎನ್‌ಎಸ್ ಚೆನ್ನೈ ಬಂತು, ಕಮಾಂಡೋಗಳು ಹತ್ತಿ ಶೋಧಿಸಿದರೆ ಕಳ್ಳರು ಜಾಗ ಖಾಲಿ ಮಾಡಿದ್ದರು.

ಸಿಟಡೆಲ್‌ಗೆ ಮೂರು ಷರತ್ತು. ಎಂಜಿನ್ ಅವರ ಕೈಗೆ ಸಿಗಬಾರದು. ಒಳಗಿನಿಂದ ಹೊರಗೆ ಮಾತಾಡಲು ಸ್ವಂತ ಆಂಟೆನಾದ ಸ್ಯಾಟಲೈಟ್ ಫೋನ್ ಬೇಕು. ವಾಕಿಟಾಕಿ ಆ ಉಕ್ಕಿನ ಗೋಡೆ ದಾಟಿ ಹೋಗದು. ಮೂರನೆಯದು, ಎಲ್ಲರೂ ಒಳಗಿರಬೇಕು. ಅಡುಗೆಯವನೊಬ್ಬ ಹೊರಗೆ ಉಳಿದರೂ ನೌಕಾಪಡೆ ಹತ್ತುವುದಿಲ್ಲ. ಡ್ರಿಲ್ಲಿನಲ್ಲಿ ಹಾಜರಿ ತೆಗೆಯಲು ನಿನ್ನನ್ನು ನಿಲ್ಲಿಸಿದರೆ ತಲೆ ಎಣಿಸಬೇಡ, ಕತ್ತಲಲ್ಲಿ ಲೆಕ್ಕ ತಪ್ಪುತ್ತದೆ. ಕ್ರೂ ಲಿಸ್ಟ್ ಹಿಡಿದು ಒಬ್ಬೊಬ್ಬರ ಹೆಸರು ಕೂಗು, 'ಬಂದೆ' ಅಂತ ಅವರ ಬಾಯಲ್ಲೇ ಕೇಳಿಸಿಕೋ, ಆಮೇಲೆ ಚಿಲಕ ಹಾಕಿಸು.

ನಿನ್ನ
ಅಪ್ಪ