ಅದು ಲಂಗ ಅಲ್ಲಮ್ಮ

ಎಡಿನ್‌ಬರೋ, ಭಾನುವಾರ

ಅಮ್ಮನಿಗೆ ನಮಸ್ಕಾರ. ಅಪ್ಪನಿಗೂ ಹೇಳು. ನಾನು ಕ್ಷೇಮ.

ಪುಟ್ಟಿ ಕೈಯಲ್ಲಿ ಬರೆಸಿದ ಮೇಲ್ ಬಂತು. ಅವಳೇ ಆ ಫೋಟೋ ಸ್ಟೇಟಸ್‌ಗೆ ಹಾಕಿದ್ದು, ಸಾಗರದವರು ನೋಡಿದ್ದು, "ಹುಡುಗ ಅಲ್ಲಿ ಲಂಗ ಹಾಕ್ಕೊಂಡು ತಿರುಗ್ತಾನಂತೆ" ಅಂತ ಶಿರಸಿ ಅತ್ತೆಗೆ ಫೋನ್ ಮಾಡಿದ್ದು, ಎಲ್ಲ ಗೊತ್ತಾಯಿತು. ಜಾತಕ ವಾಪಸ್ ಕೇಳಿದರಾ, ಇಲ್ವಾ? ಅದನ್ನೇ ಬರೆದಿಲ್ಲ ನೀನು.

ಅದು ಕಿಲ್ಟ್ ಅಮ್ಮ. ನಮ್ಮಲ್ಲಿ ಪಂಚೆ ಇದ್ದ ಹಾಗೆ, ಇಲ್ಲಿ ಸ್ಕಾಟ್‌ಲೆಂಡಿನಲ್ಲಿ ಮದುಮಗನೇ ಉಡುತ್ತಾನೆ. ಆದರೆ ಫೋಟೋದಲ್ಲಿರುವುದು ಮದುವೆ ಕಿಲ್ಟ್ ಅಲ್ಲ, ಯುಟಿಲಿಟಿ ಕಿಲ್ಟ್, ಅಂದರೆ ಕೆಲಸಕ್ಕೆ ಅನುಕೂಲ ಆಗೋ ಥರದ್ದು. ಕಪ್ಪು ಕಾಟನ್, ಪಕ್ಕದಲ್ಲಿ ದೊಡ್ಡ ಜೇಬು, ಟಿಚ್ ಬಟನ್. ಯುಟಿಲಿಕಿಲ್ಟ್ಸ್ ಅನ್ನೋ ಕಂಪನಿ ಇಂಥದ್ದನ್ನು ಮಾರೋಕೆ ಶುರು ಮಾಡಿದ್ದು 2000ದಲ್ಲಿ, ಅದೂ ಅಮೆರಿಕದ ಸಿಯಾಟಲ್‌ನಲ್ಲಿ! ನಮ್ಮ ಮನೆ ಓನರ್ ತಾತ ನೋಡಿ ಮೂಗು ಮುರಿದರು. "ಸುತ್ತಿಗೆ ಇಟ್ಕೊಳ್ಳೋಕೆ ಸರಿ, ಮದುವೆಗಲ್ಲ" ಅಂದರು. ಅವರದು ಎಂಟು ಗಜ ಉಣ್ಣೆ. ಮುಂದೆ ಸಪಾಟು, ಹಿಂದೆಲ್ಲ ನೆರಿಗೆ. ಚೌಕುಳಿ ಎಲ್ಲೂ ತಪ್ಪದ ಹಾಗೆ ಒಂದೊಂದು ನೆರಿಗೆಯನ್ನೂ ಲೆಕ್ಕ ಹಾಕಿ ಕೈಯಲ್ಲೇ ಹೊಲಿದಿದ್ದಾರೆ. ಜೇಬಿಲ್ಲ, ಅದಕ್ಕೇ ಮುಂದೆ ತೊಗಲಿನ ಚೀಲ ನೇತಾಡುತ್ತೆ.

ತಾತನ ಕಿಲ್ಟೂ ಏನು ಅನಾದಿಕಾಲದ್ದಲ್ಲ ಬಿಡು. ಮೊದಲು ಇದ್ದದ್ದು ಮೈಗೆಲ್ಲ ಸುತ್ತಿ ಬೆಲ್ಟ್ ಬಿಗಿಯುವ ಉದ್ದ ಬಟ್ಟೆ. ಸೊಂಟದ ಕೆಳಗಿನ ಭಾಗ ಮಾತ್ರ ಉಳಿದಿದ್ದು 1700 ದಾಟಿದ ಮೇಲೆ. ಥಾಮಸ್ ರಾಲಿನ್ಸನ್ ಅನ್ನೋ ಇಂಗ್ಲಿಷಿನವನು ತನ್ನ ಕಬ್ಬಿಣದ ಕುಲುಮೆ ಆಳುಗಳಿಗೆ ಅನುಕೂಲ ಅಂತ ಅದನ್ನು ತುಂಡು ಮಾಡಿಸಿದ ಅಂತ ಒಂದು ಕತೆಯಿದೆ. ತಾತನ ಮುಂದೆ ಅದನ್ನು ಎತ್ತುವ ಹಾಗಿಲ್ಲ! 1746ರಲ್ಲಿ ಸರ್ಕಾರ ಕಿಲ್ಟ್ ನಿಷೇಧಿಸಿತ್ತು, ಉಟ್ಟರೆ ಆರು ತಿಂಗಳು ಜೈಲು. 1782ರಲ್ಲಿ ಆ ಕಾನೂನು ಹೋಯಿತು. 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಇದೇ ಊರಿಗೆ ಬಂದು ಕಿಲ್ಟ್ ಉಟ್ಟ ಮೇಲೆ ದೊಡ್ಡವರಿಗೆಲ್ಲ ಬೇಕಾಯಿತು.

ನನ್ನ ಕೇಳಿದರೆ, ಜೇಬಿನದನ್ನೂ ಕಿಲ್ಟ್ ಅನ್ನಲಿ, ತಪ್ಪೇನಿಲ್ಲ. ಸ್ಕಾಟ್‌ಲೆಂಡಿನ ಸಂಪ್ರದಾಯ ಅನ್ನೋದು ಮಾತ್ರ ಜಾಸ್ತಿಯಾಯಿತು. ನೀನೂ ಸಾಗರದವರಿಗೆ "ಅಲ್ಲಿನ ಸಾಂಪ್ರದಾಯಿಕ ಉಡುಪು" ಅನ್ನಬೇಡ. ಹುಡುಗಿಯ ಅಣ್ಣ ಗೂಗಲ್ ಮಾಡಿದರೆ ಮುಗೀತು. ಗೆಳೆಯನದು, ಸುಮ್ನೆ ಹಾಕಿ ನೋಡಿದ ಅಂತ ಹೇಳು. ನಿಜವೂ ಅದೇ. ಆಫೀಸಿಗೆ ದಿನಾ ಪ್ಯಾಂಟೇ. ಕುಡಿಯೋದಿಲ್ಲ, ಜನಿವಾರ ಇದೆ, ಊಟ ಸರಿಯಾಗಿ ಮಾಡ್ತೇನೆ. ಒಳಗೆ ಚಡ್ಡಿಯೂ ಇತ್ತು, ಬೇಕಾದರೆ ಅದನ್ನೂ ಹೇಳು. ಏನೂ ಯೋಚನೆ ಮಾಡಬೇಡ. ನಿಜವಾಗಲೂ.

ಪುಟ್ಟಿಗೆ ಆ ಸ್ಟೇಟಸ್ ತೆಗೆಯೋಕೆ ಹೇಳು, ಈಗಲೇ. ಬಸ್ಸಿಗೆ ಹೊತ್ತಾಯಿತು.

ನಿನ್ನ ಮಗ