‘ಗ್ರೇಟ್ ಬ್ರಿಟನ್’ ಚಿತ್ರಕ್ಕೆ ಕುಂಚ ಹಿಡಿಯುವ ಮುನ್ನ

ಎಲ್ಲರ ಗಮನಕ್ಕೆ: ನಾವು ಬರೆಯುತ್ತಿರುವುದು ಐರ್ಲೆಂಡಿನ ಡಂಡ್ರಮ್ ಕೊಲ್ಲಿಯ ಮರಳಲ್ಲಿ 1846ರ ಸೆಪ್ಟೆಂಬರ್ 22ರಂದು ಸಿಕ್ಕಿಬಿದ್ದ ‘ಗ್ರೇಟ್ ಬ್ರಿಟನ್’ ಎಂಬ ಕಬ್ಬಿಣದ ಹಡಗನ್ನು. ಬ್ರಿಸ್ಟಲ್‌ನಲ್ಲಿ ಈಗಿರುವ ಹಡಗಿನ ಫೋಟೊ ನೋಡಿ ನಕಲು ಮಾಡಬೇಡಿ. ಅಲ್ಲಿ ಆರು ಹಾಯಿಕಂಬಗಳಿವೆ. ಸಿಕ್ಕಿಬಿದ್ದಾಗ ಇದ್ದದ್ದು ಐದೇ. ಹೆಚ್ಚಿನವರು ಎಡವುವುದು ಇಲ್ಲೇ.

ಉದ್ದ ಸುಮಾರು 98 ಮೀಟರ್, ಒಡಲಿನ ಆಳ ಸುಮಾರು 10. ಪಕ್ಕದಿಂದ ನೋಡಿದಂತೆ ಬರೆದರೆ 30 ಸೆಂ.ಮೀ. ಉದ್ದಕ್ಕೆ ಒಡಲು 3 ಸೆಂ.ಮೀ. ಸಾಕು. ದಪ್ಪ ಮಾಡಿದರೆ ಮರದ ಯುದ್ಧನೌಕೆಯಂತೆ ಕಾಣುತ್ತದೆ. ಕಬ್ಬಿಣದ ತಗಡುಗಳು ಒಂದರ ಮೇಲೊಂದು ಕೂತಿವೆ. ಆ ಅಂಚುಗಳನ್ನು ಸಣ್ಣ ಕುಂಚದಲ್ಲಿ ಅಡ್ಡಗೆರೆಗಳಾಗಿ ಎಳೆಯಿರಿ, ರಿವೆಟ್ ಎಣಿಸಲು ಹೋಗಬೇಡಿ.

ಮೂತಿಯ ಮುಂದೆ ನೊರೆ ಬೇಡ, ಹಡಗು ಚಲಿಸುತ್ತಿಲ್ಲ. ಅಲೆ ಒಡೆಯುವುದು ಕಡಲ ಕಡೆಯ ಮಗ್ಗುಲಲ್ಲಿ. ಇಳಿತದಲ್ಲಿ ತಳದ ಸುತ್ತ ನೀರು ಕೊರೆದ ಗುಂಡಿ ಇರಲಿ. ಇಲ್ಲದಿದ್ದರೆ ಹಡಗು ಮರಳ ಮೇಲೆ ಅಂಟಿಸಿದಂತಾಗುತ್ತದೆ. ಪ್ರತಿಬಿಂಬ ಒದ್ದೆ ಮರಳಿನಲ್ಲಿ ಮಾತ್ರ.

ಚಳಿಗಾಲದ ದೃಶ್ಯವಾದರೆ ಹಡಗಿನ ವಿನ್ಯಾಸಕ ಬ್ರೂನೆಲ್ ಸೂಚಿಸಿದ, ಅಲೆಗೆ ಅಡ್ಡಲಾದ ಕಡ್ಡಿಕಟ್ಟುಗಳ ತಡೆಯನ್ನು ಸೇರಿಸಿ. 1847ರ ಆಗಸ್ಟ್‌ನಲ್ಲೇ ಹಡಗನ್ನು ಮತ್ತೆ ತೇಲಿಸಿದ್ದು, ಹಾಗಾಗಿ ಮೈತುಂಬ ತುಕ್ಕು ಬಳಿಯುವುದು ಅತಿಯಾಯಿತು. ಹಿಂದೆ ಮೋರ್ನ್ ಬೆಟ್ಟಸಾಲು, ತೆಳು ನೀಲಿಬೂದಿಯಲ್ಲಿ.